ಪದರಗಳನ್ನು ಓದುವುದು: ಮಿಶ್ರಮಾಧ್ಯಮ ಚಿತ್ರದಲ್ಲಿ ಸಂಕೇತ ಮತ್ತು ಮೈವಳಿಕೆ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಪತ್ರಿಕೆ ಬಿ.ಇಡಿ. ಪಠ್ಯಕ್ರಮದ ಭಾಗವಾಯಿತು. ಬಿ.ಎಸ್ಸಿ. ಮುಗಿಸಿ ಬಂದ ನಮ್ಮಂಥವರಲ್ಲಿ ಅನೇಕರು ಅದನ್ನು ರೆಕಾರ್ಡ್ ಪುಸ್ತಕ ತುಂಬಿಸುವ ಕೆಲಸವೆಂದೇ ತಿಳಿಯುತ್ತಾರೆ. ಭೌತಶಾಸ್ತ್ರ ಬೋಧಿಸುವವರಿಗೆ ಚಿತ್ರಕಲೆಯಿಂದ ಏನಾಗಬೇಕು ಎಂಬ ಪ್ರಶ್ನೆ ನಮ್ಮ ಸೆಮಿನಾರಿನಲ್ಲೂ ಬಂದಿತ್ತು. ಆ ಪ್ರಶ್ನೆಗೆ ಉತ್ತರವಾಗಿ, ಬೋಧನಾ ಅಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ಎರಡು ಅವಧಿಗಳ ಒಂದು ಪಾಠವನ್ನು ಯೋಜಿಸಿ ನಡೆಸಿದೆ. ‘ಬೆಳಕು’ ಅಧ್ಯಾಯದ ವಕ್ರೀಭವನಕ್ಕೆ ಜೋಡಿಸಿದ್ದರಿಂದ ಪಾಠಪಟ್ಟಿಗೆ ತೊಂದರೆಯಾಗದೆ ಸಮಯ ಸಿಕ್ಕಿತು. ಆ ಪಾಠದ ವಿಷಯ, ವಿಧಾನ ಮತ್ತು ಮೌಲ್ಯಮಾಪನವನ್ನು ಇಲ್ಲಿ ಕೊಡುತ್ತಿದ್ದೇನೆ.

ಈ ಪಾಠದ ಮುಖ್ಯ ಮಾತು ಇಷ್ಟು: ಚಿತ್ರದ ಸಂಕೇತಕ್ಕೆ ಅರ್ಥ ಹೇಳಿಕೊಡುವ ಮೊದಲು, ಚಿತ್ರ ಯಾವ ಯಾವ ವಸ್ತುವಿನಿಂದ ಆಗಿದೆ, ಯಾವ ಪದರ ಯಾವುದರ ಮೇಲಿದೆ ಎಂಬುದನ್ನು ಮಕ್ಕಳು ನೋಡಬೇಕು. ‘ಪಾರಿವಾಳ ಎಂದರೆ ಶಾಂತಿ, ಕೆಂಪು ಎಂದರೆ ಕೋಪ’ ಎಂಬ ಎರಡು ಕಾಲಮ್ಮಿನ ಪಟ್ಟಿ ಬಾಯಿಪಾಠಕ್ಕೆ ಅನುಕೂಲ. ಆದರೆ ಪಟ್ಟಿಯಲ್ಲಿಲ್ಲದ ಚಿತ್ರ ಎದುರಾದಾಗ ಆ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪರಿಕಲ್ಪನೆಗಳು

ಒಂದೇ ಚಿತ್ರದಲ್ಲಿ ಬಣ್ಣದ ಜೊತೆಗೆ ಕಾಗದ, ಬಟ್ಟೆ, ಮರಳು, ಮೇಣ, ಹುಲ್ಲು ಮುಂತಾದ ಬೇರೆ ಬೇರೆ ವಸ್ತುಗಳನ್ನು ಬಳಸಿದರೆ ಅದು ಮಿಶ್ರಮಾಧ್ಯಮ ಚಿತ್ರ. ಮೈವಳಿಕೆ, ಅಂದರೆ ಟೆಕ್ಸ್ಚರ್, ಎಂದರೆ ಮೇಲ್ಮೈಯ ಒರಟು, ನುಣುಪು, ಉಬ್ಬು, ಬಿರುಕುಗಳ ಗುಣ. ಅದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ತಿಳಿಯಬಹುದು.

ಆಧುನಿಕ ಚಿತ್ರಕಲೆಯಲ್ಲಿ ಈ ಪದ್ಧತಿಗೆ 1912ನೇ ಇಸವಿ ಮುಖ್ಯ. ಆ ವರ್ಷ ಪಾಬ್ಲೊ ಪಿಕಾಸೊ ಒಂದು ಅಂಡಾಕಾರದ ಚಿತ್ರದಲ್ಲಿ ಬೆತ್ತದ ಕುರ್ಚಿಯ ಹೆಣಿಗೆಯನ್ನು ಕುಂಚದಿಂದ ಬಿಡಿಸದೆ, ಹೆಣಿಗೆಯ ವಿನ್ಯಾಸ ಮುದ್ರಿಸಿದ ಮೇಣಬಟ್ಟೆಯನ್ನೇ ಬಳಸಿದರು. ಚೌಕಟ್ಟಿನ ಜಾಗದಲ್ಲಿ ನಿಜವಾದ ಹಗ್ಗ ಸುತ್ತಿದರು. ಅದೇ ವರ್ಷ ಜಾರ್ಜ್ ಬ್ರಾಕ್ ಮರದ ಎಳೆಗಳಂತೆ ಮುದ್ರಿಸಿದ ಗೋಡೆಕಾಗದವನ್ನು ಕತ್ತರಿಸಿ ಚಿತ್ರಕ್ಕೆ ಅಂಟಿಸಿದರು, ಬಣ್ಣಕ್ಕೆ ಮರಳನ್ನೂ ಬೆರೆಸಿದರು. ಮನೆಗಳಿಗೆ ಬಣ್ಣ ಬಳಿಯುವ ಕಸುಬನ್ನು ಕಲಿತಿದ್ದ ಬ್ರಾಕ್‌ಗೆ ಇಂಥ ಸಾಮಗ್ರಿ ಹೊಸದಾಗಿರಲಿಲ್ಲ. ವಸ್ತುವನ್ನು ಚಿತ್ರಿಸುವ ಬದಲು ವಸ್ತುವನ್ನೇ ಚಿತ್ರದೊಳಗೆ ಇಡಬಹುದು ಎಂಬುದು ಅಲ್ಲಿಂದ ಒಂದು ದಾರಿಯಾಯಿತು.

ಪದರ ಎಂಬುದು ನಮ್ಮ ಕಡೆಯ ಕಲೆಗೂ ಹೊಸದಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಬಿಳಿ ಪುಡಿ ಮತ್ತು ಅಂಟಿನ ಲೇಪದಿಂದ ಆಭರಣಗಳನ್ನು ಸ್ವಲ್ಪ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ವ್ಯತ್ಯಾಸ ಎಲ್ಲಿದೆ ಎಂಬುದನ್ನು ತರಗತಿಗೆ ಹೇಳಬೇಕು. ಮೈಸೂರು ಶೈಲಿಯಲ್ಲಿ ಅಡಿಯ ಲೇಪ ತಾನು ಮರೆಯಾಗಿ ಚಿನ್ನವನ್ನು ಎತ್ತಿ ತೋರಿಸುತ್ತದೆ. ನಾನು ಆರಿಸಿಕೊಂಡ ಎರಡು ಚಿತ್ರಗಳಲ್ಲಿ ಅಡಿಯದು ಮರೆಯಾಗುವುದಿಲ್ಲ.

ಮೊದಲ ಚಿತ್ರ: ಜಾಸ್ಪರ್ ಜಾನ್ಸ್ ಅವರ ‘ಫ್ಲ್ಯಾಗ್’, 1954–55

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ ಈ ಕೃತಿ ಸುಮಾರು 107 ಸೆಂ.ಮೀ. ಎತ್ತರ, 154 ಸೆಂ.ಮೀ. ಅಗಲ ಇದೆ. ದೂರದಿಂದ ನೋಡಿದರೆ ಅಮೆರಿಕದ ಧ್ವಜ, ಅಷ್ಟೆ. ಹತ್ತಿರದಿಂದ ನೋಡಿದರೆ ಬಣ್ಣದ ಅಡಿಯಲ್ಲಿ ದಿನಪತ್ರಿಕೆಯ ಚೂರುಗಳು ಕಾಣುತ್ತವೆ. ಜಾನ್ಸ್ ಬಳಸಿದ್ದು ಎನ್‌ಕಾಸ್ಟಿಕ್ ವಿಧಾನ, ಅಂದರೆ ಕರಗಿಸಿದ ಮೇಣದಲ್ಲಿ ಬಣ್ಣದ ಪುಡಿ ಬೆರೆಸಿ ಹಚ್ಚುವುದು. ಈಜಿಪ್ಟಿನ ಫಯ್ಯುಮ್ ಪ್ರದೇಶದಲ್ಲಿ ಸಿಕ್ಕ, ರೋಮನ್ ಆಳ್ವಿಕೆಯ ಕಾಲದ ಮುಖಚಿತ್ರಗಳಲ್ಲಿಯೂ ಈ ವಿಧಾನವಿದೆ. ಜಾನ್ಸ್ ಮೊದಲು ಮನೆಗೆ ಬಳಿಯುವ ಎನಾಮಲ್ ಬಣ್ಣದಿಂದ ಆರಂಭಿಸಿದ್ದರು. ಅದು ಒಣಗುವುದು ನಿಧಾನ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕುಂಚದಿಂದ ಹಲಗೆಗೆ ಹೋಗುವಷ್ಟರಲ್ಲಿ ಆರಿ ಗಟ್ಟಿಯಾಗುತ್ತದೆ. ಆದ್ದರಿಂದ ಒಂದು ಗೆರೆ ಮತ್ತೊಂದರೊಳಗೆ ಕಲೆಯದೆ ಪ್ರತ್ಯೇಕವಾಗಿ ಉಳಿಯುತ್ತದೆ. ಮೇಣ ಅರೆಪಾರದರ್ಶಕವಾದ ಕಾರಣ ಅಡಿಯ ಅಚ್ಚಕ್ಷರಗಳೂ ಅಲ್ಲಲ್ಲಿ ಉಳಿಯುತ್ತವೆ.

ಧ್ವಜ ಎಂಬುದು ಯಾರೂ ವಿವರಿಸಬೇಕಿಲ್ಲದ ಸಂಕೇತ. ನೋಡಿದ ಕೂಡಲೇ ‘ದೇಶ’ ಎನ್ನುತ್ತೇವೆ, ಮುಂದೆ ನೋಡುವುದನ್ನು ನಿಲ್ಲಿಸುತ್ತೇವೆ. ಜಾನ್ಸ್‌ರ ಮೇಣ ಮತ್ತು ಪತ್ರಿಕೆಯ ಪದರಗಳು ನಮ್ಮನ್ನು ಅಲ್ಲಿ ತಡೆದು ನಿಲ್ಲಿಸುತ್ತವೆ. ಮೇಲೆ ಬದಲಾಗದ ಗುರುತು, ಕೆಳಗೆ ದಿನಕ್ಕೊಂದರಂತೆ ಬದಲಾಗುವ ಸುದ್ದಿ. ಅಮೆರಿಕದಲ್ಲಿ ಶೀತಲ ಸಮರದ ಭಯ ಮತ್ತು ದೇಶನಿಷ್ಠೆಯ ವಿಚಾರಣೆಗಳು ನಡೆಯುತ್ತಿದ್ದ ವರ್ಷಗಳವು. ಚಿತ್ರ ಧ್ವಜವನ್ನು ಹೊಗಳುತ್ತಿದೆಯೋ ಪ್ರಶ್ನಿಸುತ್ತಿದೆಯೋ ಎಂಬುದಕ್ಕೆ ಜಾನ್ಸ್ ಉತ್ತರ ಕಟ್ಟಿಕೊಟ್ಟಿಲ್ಲ.

ಎರಡನೆಯ ಚಿತ್ರ: ಅನ್ಸೆಲ್ಮ್ ಕೀಫರ್ ಅವರ ‘ಮಾರ್ಗರೆಟೆ’, 1981

ಕೀಫರ್ ಹುಟ್ಟಿದ್ದು 1945ರ ಮಾರ್ಚ್‌ನಲ್ಲಿ, ಜರ್ಮನಿಯಲ್ಲಿ, ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ. ಎರಡೂವರೆ ಮೀಟರಿಗಿಂತ ಎತ್ತರವಿರುವ ಈ ಕ್ಯಾನ್ವಾಸಿನಲ್ಲಿ ಎಣ್ಣೆಬಣ್ಣ, ಅಕ್ರಿಲಿಕ್, ಎಮಲ್ಷನ್ ಮತ್ತು ನಿಜವಾದ ಒಣಹುಲ್ಲು ಇವೆ. ಬೂದು ಹಿನ್ನೆಲೆಯಲ್ಲಿ ಹುಲ್ಲಿನ ಕಟ್ಟುಗಳು ಮೇಲಕ್ಕೆ ಬಳುಕಿ ಏಳುತ್ತವೆ. ತುದಿಗಳಲ್ಲಿ ಸಣ್ಣ ಜ್ವಾಲೆಗಳು. ಹುಲ್ಲಿನ ಪಕ್ಕದಲ್ಲಿ ಕಪ್ಪು ಗೆರೆಗಳು. ಅಡ್ಡಲಾಗಿ ಕೈಬರಹದಲ್ಲಿ ‘ಮಾರ್ಗರೆಟೆ’ ಎಂಬ ಹೆಸರು.

ಆ ಹೆಸರು ಪಾಲ್ ಸೆಲಾನ್ ಅವರ ‘ಟೋಡೆಸ್‌ಫೂಗೆ’ ಎಂಬ ಕವಿತೆಯಿಂದ ಬಂದದ್ದು. ಸೆಲಾನ್ ಯಹೂದಿ, ನಾಜಿಗಳ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು, ಸ್ವತಃ ಬಲವಂತದ ದುಡಿಮೆಯ ಶಿಬಿರದಲ್ಲಿದ್ದವರು. ಕವಿತೆಯಲ್ಲಿ ಇಬ್ಬರು ಹೆಂಗಸರ ಕೂದಲು ಮತ್ತೆ ಮತ್ತೆ ಬರುತ್ತದೆ: ಜರ್ಮನ್ ಮಾರ್ಗರೆಟೆಯ ಹೊಂಬಣ್ಣದ ಕೂದಲು, ಯಹೂದಿ ಶೂಲಮಿತಳ ಬೂದಿಬಣ್ಣದ ಕೂದಲು. ಇದು ತಿಳಿದ ಮೇಲೆ ಹುಲ್ಲು ಕೂದಲಾಗುತ್ತದೆ, ಕಪ್ಪು ಗೆರೆ ಇನ್ನೊಬ್ಬಳ ಕೂದಲಾಗುತ್ತದೆ. ಹೊಂಬಣ್ಣದ ಹುಲ್ಲು ಸುಟ್ಟರೆ ಬೂದಿ ಎಂಬ ರಸಾಯನಶಾಸ್ತ್ರದ ಸತ್ಯವೂ ಅರ್ಥದ ಭಾಗವಾಗುತ್ತದೆ. ಇಲ್ಲಿ ಹುಲ್ಲಿನ ಬದಲು ಹಳದಿ ಬಣ್ಣ ಬಳಿದಿದ್ದರೆ ಚಿತ್ರ ಬೇರೆಯೇ ಆಗುತ್ತಿತ್ತು. ಬಣ್ಣ ಹೊತ್ತಿಕೊಳ್ಳುವ ಭಯ ಹುಟ್ಟಿಸುವುದಿಲ್ಲ, ಹುಲ್ಲು ಹುಟ್ಟಿಸುತ್ತದೆ.

ಮೊದಲ ಅವಧಿ: ನೋಡುವುದು

ಪೂರ್ವಜ್ಞಾನಕ್ಕಾಗಿ ಶಾಲೆಯ ಹಿಂಬದಿಯ ಗೋಡೆಯನ್ನೇ ತೋರಿಸಿದೆ. ಸುಣ್ಣ ಕಿತ್ತುಬಂದ ಜಾಗದಲ್ಲಿ ನೀಲಿ, ಅದರ ಕೆಳಗೆ ಹಳದಿ, ಕೆಳಗೆ ಗಾರೆ. ಯಾವುದು ಮೊದಲು ಬಳಿದದ್ದು? ಮಕ್ಕಳು ಕೂಡಲೇ ಹೇಳಿದರು. ನಿಕೊಲಸ್ ಸ್ಟೆನೊ 1669ರಲ್ಲಿ ಶಿಲಾಪದರಗಳ ಬಗ್ಗೆ ಹೇಳಿದ್ದೂ ಇದನ್ನೇ: ಕದಲದ ಪದರಗಳಲ್ಲಿ ಅಡಿಯದು ಹಳೆಯದು, ಮೇಲಿನದು ಹೊಸದು.

ತರಗತಿಯಲ್ಲಿ ಪ್ರೊಜೆಕ್ಟರ್ ಇರಲಿಲ್ಲ. ಎ3 ಅಳತೆಯ ಬಣ್ಣದ ಪ್ರತಿಗಳನ್ನು ಗುಂಪಿಗೊಂದರಂತೆ ಕೊಟ್ಟೆ. ಮುದ್ರಿತ ಪ್ರತಿ ಮೈವಳಿಕೆಯನ್ನು ಚಪ್ಪಟೆ ಮಾಡಿಬಿಡುತ್ತದೆ; ಅದಕ್ಕೆಂದು ಪ್ರತಿ ಗುಂಪಿಗೆ ಒಂದು ತಟ್ಟೆಯಲ್ಲಿ ಮೇಣದಬತ್ತಿಯ ಚೂರು, ಪತ್ರಿಕೆಯ ತುಂಡು, ಭತ್ತದ ಹುಲ್ಲು, ಮರಳು, ಗೋಣಿಬಟ್ಟೆ ಇಟ್ಟೆ. ಕೈಗೆ ಹುಲ್ಲು ಸಿಕ್ಕ ಮೇಲೆಯೇ ಚಿತ್ರದ ಹುಲ್ಲು ಮಕ್ಕಳಿಗೆ ಕಂಡಿತು.

ಕಪ್ಪುಹಲಗೆಯ ಮೇಲೆ ಮೂರು ಕಾಲಮ್ಮುಗಳು: ‘ಕಂಡದ್ದು’, ‘ಊಹಿಸಿದ್ದು’, ‘ಆಧಾರ’. ಪ್ರಯೋಗಾಲಯದಲ್ಲಿ ವೀಕ್ಷಣೆ ಮತ್ತು ತೀರ್ಮಾನವನ್ನು ಬೇರೆ ಬೇರೆ ಬರೆಯುವಂತೆಯೇ ಇದು. ಚಿತ್ರದ ಹೆಸರು, ಕಲಾವಿದನ ಹೆಸರು ಯಾವುದನ್ನೂ ಮೊದಲು ಹೇಳಲಿಲ್ಲ.

‘ಫ್ಲ್ಯಾಗ್’ನಲ್ಲಿ ಒಂದು ಗುಂಪು ನಕ್ಷತ್ರಗಳನ್ನು ಎಣಿಸಿತು: ಎಂಟರಂತೆ ಆರು ಸಾಲು, ಒಟ್ಟು 48. ಈಗಿನ ಧ್ವಜದಲ್ಲಿ 50 ಇವೆ ಎಂದು ಒಬ್ಬ ಹುಡುಗನಿಗೆ ಗೊತ್ತಿತ್ತು. ಅಲಾಸ್ಕ ಮತ್ತು ಹವಾಯಿ 1959ರಲ್ಲಿ ರಾಜ್ಯಗಳಾದವು ಎಂಬ ಒಂದೇ ಮಾಹಿತಿ ಕೊಟ್ಟೆ. ಚಿತ್ರ ಅದಕ್ಕಿಂತ ಹಿಂದಿನದಿರಬಹುದು ಎಂಬ ತೀರ್ಮಾನಕ್ಕೆ ಅವರೇ ಬಂದರು. ‘ಹಳೆಯ ಧ್ವಜವನ್ನು ಈಗ ಬಿಡಿಸಿರಬಾರದೇ?’ ಎಂದು ಇನ್ನೊಂದು ಗುಂಪು ಕೇಳಿತು. ಹಾಗಾದರೆ ಇನ್ನೇನು ಆಧಾರ ಬೇಕು ಎಂದೆ. ಅಡಿಯ ಪತ್ರಿಕೆಯ ದಿನಾಂಕ ನೋಡಬೇಕು ಎಂಬ ಉತ್ತರ ಬಂತು. ಪದರವನ್ನು ಓದುವುದೆಂದರೆ ಏನು ಎಂಬುದು ತರಗತಿಗೆ ಸ್ಪಷ್ಟವಾದದ್ದು ಆಗ.

‘ಮಾರ್ಗರೆಟೆ’ಯನ್ನು ಎರಡು ಸುತ್ತಿನಲ್ಲಿ ನಡೆಸಿದೆ. ಮೊದಲ ಸುತ್ತಿನಲ್ಲಿ ಬರೀ ಚಿತ್ರ. ಎರಡನೆಯ ಸುತ್ತಿನಲ್ಲಿ ಹೆಸರು, ಕಾಲ, ಕವಿತೆಯ ಹಿನ್ನೆಲೆ. ಮಹಾಯುದ್ಧದ ವಿಷಯ ಸಮಾಜ ವಿಜ್ಞಾನದಲ್ಲಿ ಬರುವುದರಿಂದ ಹಿನ್ನೆಲೆ ತೀರಾ ಅಪರಿಚಿತವಾಗಿರಲಿಲ್ಲ. ಇತಿಹಾಸವೂ ಚಿತ್ರದ ಒಂದು ಪದರ. ಅದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಶಿಕ್ಷಕ ಹೇಳಲೇಬೇಕು. ಯಾವಾಗ ಹೇಳಬೇಕು ಎಂಬುದೇ ಇಲ್ಲಿನ ಬೋಧನಾ ಕೌಶಲ. ಮೊದಲೇ ಹೇಳಿದರೆ ಮಕ್ಕಳು ನೋಡುವುದನ್ನು ಬಿಟ್ಟು ಬರೆದುಕೊಳ್ಳಲು ತೊಡಗುತ್ತಾರೆ. ಹೇಳದೇ ಬಿಟ್ಟರೆ ಲಕ್ಷಾಂತರ ಜನರ ಸಾವನ್ನು ಕುರಿತ ಚಿತ್ರ ಹುಲ್ಲಿನ ಅಲಂಕಾರವಾಗಿ ಉಳಿಯುತ್ತದೆ. ಇದೇ ಕಾರಣಕ್ಕೆ ಈ ಚಿತ್ರವನ್ನು ಅನುಕರಿಸುವ ಚಟುವಟಿಕೆ ಕೊಡಲಿಲ್ಲ. ಹಿನ್ನೆಲೆ ಹೇಳಿದ ಮೇಲೆ ಎರಡು ನಿಮಿಷ ಯಾರನ್ನೂ ಮಾತನಾಡಿಸದೆ ಮತ್ತೆ ನೋಡಲು ಬಿಟ್ಟೆ.

ಎರಡನೆಯ ಅವಧಿ: ಮಾಡುವುದು

ಮೇಣದ ಮೂಲಕ ಅಕ್ಷರ ಕಾಣುವುದೇಕೆ? ಬಿಸಿ ಮೇಣವನ್ನು ತರಗತಿಗೆ ತರಬಾರದು; ಸುಡುತ್ತದೆ, ಹೊತ್ತಿಕೊಳ್ಳುತ್ತದೆ. ಬದಲಿಗೆ ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ನೆನಪಿಸಿದೆ. ಎಣ್ಣೆ ಹತ್ತಿದ ಜಾಗ ಏಕೆ ಕನ್ನಡಿಯಂತೆ ಹೊಳೆದು ಆಚೆಯದನ್ನು ತೋರಿಸುತ್ತದೆ? ಒಣ ಕಾಗದದಲ್ಲಿ ನಾರುಗಳ ನಡುವೆ ಗಾಳಿ ಇದೆ. ನಾರಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಗಾಳಿಯದು ಸುಮಾರು 1. ಈ ಅಂತರ ದೊಡ್ಡದಾದ್ದರಿಂದ ಪ್ರತಿ ಗಡಿಯಲ್ಲೂ ಬೆಳಕು ಬಾಗಿ, ಪ್ರತಿಫಲಿಸಿ ಚದುರುತ್ತದೆ. ಕಾಗದ ಬಿಳಿಯಾಗಿ, ಅಪಾರದರ್ಶಕವಾಗಿ ಕಾಣುತ್ತದೆ. ಎಣ್ಣೆಯ ಸೂಚ್ಯಂಕ 1.45ರ ಆಸುಪಾಸು. ಅದು ಗಾಳಿಯ ಜಾಗ ತುಂಬಿದಾಗ ಅಂತರ ಕಡಿಮೆಯಾಗಿ ಚದುರುವಿಕೆ ಇಳಿಯುತ್ತದೆ. ಪ್ರತಿ ಗುಂಪು ಒಂದು ತೆಳು ಬಿಳಿ ಕಾಗದಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ, ಇನ್ನೊಂದು ಕಡೆ ಒಂದು ಹನಿ ನೀರು ಹಾಕಿ, ಅಚ್ಚಾದ ಹಾಳೆಯ ಮೇಲಿಟ್ಟು ನೋಡಿತು. ನೀರಿನ ಸೂಚ್ಯಂಕ 1.33, ಎರಡರ ವ್ಯತ್ಯಾಸವನ್ನು ಪಠ್ಯಪುಸ್ತಕದ ಕೋಷ್ಟಕದ ಜೊತೆ ಹೋಲಿಸಿದರು. ಮೇಣವೂ ಎಣ್ಣೆಯಂತೆಯೇ ಕೆಲಸ ಮಾಡುತ್ತದೆ ಎಂಬಲ್ಲಿಗೆ ಜಾನ್ಸ್‌ರ ಪತ್ರಿಕೆಯ ಚೂರುಗಳಿಗೆ ಮರಳಿದೆವು.

ನಂತರ ಗುಂಪು ಚಟುವಟಿಕೆ. ದಿನನಿತ್ಯದ ಒಂದು ಗುರುತನ್ನು ಆರಿಸಿ ಮೂರು ಪದರದಲ್ಲಿ ಚಿತ್ರ ಮಾಡಬೇಕು: ಅಡಿಯಲ್ಲಿ ಬರಹವಿರುವ ಹಳೆಯ ಕಾಗದ, ನಡುವೆ ತೆಳು ಕಾಗದ ಮತ್ತು ನೀರು ಬೆರೆಸಿದ ಫೆವಿಕಾಲ್, ಮೇಲೆ ಗುರುತು. ಹಲಗೆಯ ಬದಲು ರಟ್ಟಿನ ಪೆಟ್ಟಿಗೆಯ ತುಂಡು. ನಿಯಮ ಎರಡೇ. ಅಡಿಯ ಪದರ ಎಲ್ಲಾದರೂ ಒಂದೆಡೆ ಕಾಣಬೇಕು. ಬಳಸಿದ ಪ್ರತಿ ವಸ್ತುವಿಗೂ ಕಾರಣ ಹೇಳಬೇಕು. ಜಾನ್ಸ್‌ರನ್ನು ನೋಡಿ ನಮ್ಮ ರಾಷ್ಟ್ರಧ್ವಜವನ್ನೇ ಮಾಡುತ್ತೇವೆ ಎಂದು ಮಕ್ಕಳು ಕೇಳುವುದು ಸಹಜ. ರಾಷ್ಟ್ರ ಗೌರವಕ್ಕೆ ಸಂಬಂಧಿಸಿದ 1971ರ ಕಾಯ್ದೆ ಮತ್ತು 2002ರ ಧ್ವಜ ಸಂಹಿತೆಯನ್ನು ವಿವರಿಸಿ ಬೇರೆ ಗುರುತು ಆರಿಸಲು ಹೇಳಿದೆ. ಸಂಕೇತಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಆ ಚರ್ಚೆಯೇ ಉದಾಹರಣೆಯಾಯಿತು.

ಒಂದು ಗುಂಪು ಬಸ್ ಪಾಸನ್ನು ಆರಿಸಿ ಅಡಿಯಲ್ಲಿ ಹರಿದ ಟಿಕೆಟುಗಳನ್ನು ಅಂಟಿಸಿತು. ಇನ್ನೊಂದು ಶಾಲೆಯ ಗಂಟೆಯ ಕೆಳಗೆ ಪರೀಕ್ಷಾ ವೇಳಾಪಟ್ಟಿ ಇಟ್ಟಿತು. ಮತ್ತೊಂದು ಗುಂಪಿನದು ನಲ್ಲಿ: ಅಡಿಯಲ್ಲಿ ಹಳೆಯ ನೀರಿನ ರಸೀದಿಗಳು, ಮೇಲೆ ನೀಲಿ ನಲ್ಲಿ, ನಲ್ಲಿಯಿಂದ ಬೀಳುವ ಧಾರೆಯ ಜಾಗದಲ್ಲಿ ಅಂಟಿಸಿದ ಮರಳು. ಆಕಾರ ನೀರಿನದು, ವಸ್ತು ಮರಳಿನದು. ಯಾವ ಶೀರ್ಷಿಕೆಯೂ ಬೇಕಿರಲಿಲ್ಲ.

ನಾಲ್ಕನೆಯ ಗುಂಪು ಚೆಂದ ಕಾಣಲೆಂದು ಚಿತ್ರದ ತುಂಬ ಮರಳು ಉದುರಿಸಿತ್ತು. ‘ಈ ಮರಳನ್ನು ತೆಗೆದರೆ ಚಿತ್ರ ಏನನ್ನು ಕಳೆದುಕೊಳ್ಳುತ್ತದೆ?’ ಎಂದು ಕೇಳಿದೆ. ಪ್ರಯೋಗದಲ್ಲಿ ಒಂದು ಅಂಶವನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಡುವಂತೆ, ಇದು ಚಿತ್ರಕ್ಕೆ ಒಂದು ಪರೀಕ್ಷೆ. ಅವರು ಚರ್ಚಿಸಿ ಒಂದು ಮೂಲೆಯಲ್ಲಿ ಮಾತ್ರ ಉಳಿಸಿ ಬಾಕಿಯದನ್ನು ಕೆರೆದರು. ಕೆರೆದ ಜಾಗದಲ್ಲಿ ಅಡಿಯ ಅಕ್ಷರಗಳು ಹೊರಬಂದವು. ಅದನ್ನು ಹಾಗೆಯೇ ಬಿಟ್ಟರು.

ಮೌಲ್ಯಮಾಪನ

ಒಟ್ಟು 10 ಅಂಕ: ವೀಕ್ಷಣೆಗೆ 3, ಆಧಾರಕ್ಕೆ 3, ಹೊಸ ಮಾಹಿತಿ ಬಂದಾಗ ಊಹೆಯನ್ನು ತಿದ್ದಿದ್ದಕ್ಕೆ 2, ಗುಂಪಿನ ಚಿತ್ರಕ್ಕೆ 2. ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ನ್ಯಾಯವಾದ ಪ್ರಶ್ನೆಯನ್ನೇ ಎತ್ತಿದರು. ಚಿತ್ರಕ್ಕೆ ಯಾರು ಯಾವ ಅರ್ಥ ಹೇಳಿದರೂ ಸರಿ ಎನ್ನುವುದಾದರೆ ಅಂಕ ಹೇಗೆ ಕೊಡುತ್ತೀರಿ?

ಎರಡು ಉತ್ತರ ಪತ್ರಿಕೆಗಳನ್ನು ಹೋಲಿಸಿದರೆ ಉತ್ತರ ಸಿಗುತ್ತದೆ. ‘ಮಾರ್ಗರೆಟೆ’ಯ ಮೊದಲ ಸುತ್ತಿನಲ್ಲಿ ಒಬ್ಬ ವಿದ್ಯಾರ್ಥಿ ‘ಚಿನ್ನ, ಶ್ರೀಮಂತಿಕೆ’ ಎಂದು ಬರೆದ. ಆಧಾರ: ಹಳದಿ ಬಣ್ಣ. ಜ್ವಾಲೆ, ಕಪ್ಪು ಗೆರೆ, ಬೂದು ಹಿನ್ನೆಲೆ ಯಾವುದೂ ಅವನ ಪತ್ರಿಕೆಯಲ್ಲಿ ಇರಲಿಲ್ಲ. ಮನೆಯಲ್ಲಿ ದನ ಕಟ್ಟಿರುವ ಒಬ್ಬ ವಿದ್ಯಾರ್ಥಿನಿ ‘ಬರಗಾಲ’ ಎಂದು ಬರೆದಳು. ಆಧಾರ: ಹುಲ್ಲು ದನದ ಮೇವು, ಚಿತ್ರದಲ್ಲಿ ಎಲ್ಲೂ ಹಸಿರಿಲ್ಲ, ನೆಲ ಸುಟ್ಟಂತಿದೆ, ಮೇವಿಗೇ ಬೆಂಕಿ ಬಿದ್ದಿದೆ. ಸಿದ್ಧ ಪಟ್ಟಿಯ ಪ್ರಕಾರ ಎರಡೂ ತಪ್ಪು. ಆದರೆ ಎರಡನೆಯದು ಕಣ್ಣಿಗೆ ಕಂಡ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಊಹೆ. ಮೊದಲನೆಯದು ತನಗೆ ಬೇಡದ ಆಧಾರವನ್ನು ಕೈಬಿಟ್ಟ ಊಹೆ. ವಿಜ್ಞಾನದಲ್ಲಿ ಪ್ರಾಕ್ಕಲ್ಪನೆಯನ್ನು ಅಳೆಯುವ ಕ್ರಮವೂ ಇದೇ.

ಹಿನ್ನೆಲೆ ತಿಳಿದ ಮೇಲೆ ಆ ವಿದ್ಯಾರ್ಥಿನಿ ಬರೆದದ್ದು: ನಮ್ಮಲ್ಲಿ ಹುಲ್ಲನ್ನು ಬಣವೆ ಒಟ್ಟುತ್ತಾರೆ, ಇಲ್ಲಿ ಒಂದೊಂದೇ ಎದ್ದು ನಿಂತಿದೆ, ಆದ್ದರಿಂದ ಇದು ಮೇವಲ್ಲ, ಕೂದಲು, ಆದರೂ ಉಳಿಸಿಕೊಳ್ಳಬೇಕಾದದ್ದು ಸುಡುತ್ತಿದೆ ಎಂಬುದು ಎರಡಕ್ಕೂ ಸರಿ. ಅವಳು ಹಳೆಯ ಅರ್ಥವನ್ನು ಅಳಿಸಲಿಲ್ಲ. ಅದರ ಮೇಲೆ ಹೊಸದನ್ನು ಇಟ್ಟಳು. ಮೇಲಿನ ವಿದ್ಯಾರ್ಥಿಯೂ ಎರಡನೆಯ ಸುತ್ತಿನಲ್ಲಿ ಜ್ವಾಲೆಯನ್ನು ಸೇರಿಸಿ ಊಹೆಯನ್ನು ಬದಲಿಸಿದ, ತಿದ್ದಿದ್ದಕ್ಕಿದ್ದ ಅಂಕ ಪಡೆದ. ಪಟ್ಟಿ ಕೊಟ್ಟಿದ್ದರೆ ಇಬ್ಬರೂ ‘ಹುಲ್ಲು = ಕೂದಲು’ ಎಂದು ಒಂದೇ ಉತ್ತರ ಬರೆದು ಒಂದೇ ಅಂಕ ಪಡೆಯುತ್ತಿದ್ದರು. ಯಾರು ಏನು ನೋಡಿದರು ಎಂಬುದು ನಮಗೆ ತಿಳಿಯುತ್ತಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಎರಡಕ್ಕಿಂತ ಹೆಚ್ಚು ಚಿತ್ರಗಳನ್ನು ತೆಗೆದುಕೊಳ್ಳಬೇಡಿ. ಒಂದು ಚಿತ್ರವನ್ನು ನೋಡಲು ಕನಿಷ್ಠ ಹತ್ತು ನಿಮಿಷ ಬೇಕು.

2. ಪ್ರತಿಯ ಜೊತೆಗೆ ವಸ್ತುಗಳ ತಟ್ಟೆ ಇರಲಿ. ಚಿತ್ರದ ಮೂಲ ಅಳತೆಯನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತಿಸಿ ತೋರಿಸಿ.

3. ‘ಇದರ ಅರ್ಥವೇನು?’ ಎಂಬುದು ಮೊದಲ ಪ್ರಶ್ನೆಯಾಗದಿರಲಿ. ‘ಇದು ಯಾವುದರಿಂದ ಆಗಿದೆ? ಯಾವುದು ಯಾವುದರ ಮೇಲಿದೆ? ಇದನ್ನು ತೆಗೆದರೆ ಏನಾಗುತ್ತದೆ?’ ಎಂಬ ಕ್ರಮ ಅನುಕೂಲ.

4. ಫೆವಿಕಾಲ್ ಪದರ ಒಣಗಲು ಸಮಯ ಬೇಕು. ಎರಡನೆಯ ಅವಧಿಯನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಇಟ್ಟುಕೊಂಡರೆ ವಿರಾಮದಲ್ಲಿ ಒಣಗುತ್ತದೆ. ಮೇಲಿನ ಪದರವನ್ನು ಆಮೇಲೆ ಹಚ್ಚಬಹುದು.

5. ಸಾಧ್ಯವಾದರೆ ಮೂಲ ಕೃತಿಗಳನ್ನು ತೋರಿಸಿ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಸಂಗ್ರಹದಲ್ಲಿ ಮೈಸೂರು ಶೈಲಿಯ ಚಿತ್ರಗಳಿವೆ; ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ನೇರವಾಗಿ ಎದುರು ನಿಲ್ಲದೆ ಒಂದು ಬದಿಯಿಂದ, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಲು ಮಕ್ಕಳಿಗೆ ಹೇಳಿ. ಉಬ್ಬು ಎಷ್ಟಿದೆ, ಅದರ ನೆರಳು ಎತ್ತ ಬೀಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಅದೇ ಮೂರು ಕಾಲಮ್ಮಿನ ಹಾಳೆಯನ್ನು ಅಲ್ಲಿಗೂ ಒಯ್ಯಬಹುದು.